ಕೂಸಿಗೆ ಫಿಟ್ಸ್ ಬಂದಾಗ ಏನು ನೋಡಬೇಕು?



ಸ್ಟೇಷನ್ ರಸ್ತೆಯ ಓಣಿಗಳಲ್ಲಿ ನಾವು ಆಗಾಗ ಈ ಮಾತು ಕೇಳುತ್ತೇವೆ. "ಕೂಸು ಚಲೋ ಆಡ್ತಿತ್ರಿ. ಒಮ್ಮೆಲೇ ಕಣ್ಣು ಮ್ಯಾಲ ಮಾಡ್ತು. ಕೈಕಾಲು ಸೆಟೆದ್ವು." ಒಬ್ಬರು ದೃಷ್ಟಿ ಅಂತಾರೆ. ಇನ್ನೊಬ್ಬರು ಗಾಳಿ ಸೋಕಿದೆ ಅಂತಾರೆ. ಮೂಗಿಗೆ ಉಳ್ಳಾಗಡ್ಡಿ ಹಿಡಿಯುತ್ತಾರೆ. ಕೈಯಲ್ಲಿ ಕಬ್ಬಿಣ ಕೊಡುತ್ತಾರೆ. ಕೆಲವರು ಬರೆ ಹಾಕುತ್ತಾರೆ. ಬರೆಯಿಂದ ಫಿಟ್ಸ್ ಹೋಗುವುದಿಲ್ಲ. ಸುಟ್ಟ ಗಾಯ ಮಾತ್ರ ಉಳಿಯುತ್ತದೆ.

ಫಿಟ್ಸ್ ಬರುವುದು ಮಿದುಳಿನಿಂದ. ಕೈಕಾಲು ಆಡಿಸುವುದು ಮಿದುಳೇ ಅಲ್ಲವೇ?

ಕೂಸನ್ನು ಒಂದು ಮಗ್ಗುಲಿಗೆ ಮಲಗಿಸಿರಿ. ಜೊಲ್ಲು ಹೊರಗೆ ಹರಿಯಲಿ. ಬಾಯಲ್ಲಿ ಚಮಚ, ಬೆರಳು ಹಾಕಬ್ಯಾಡ್ರಿ. ನೀರು ಕುಡಿಸಬ್ಯಾಡ್ರಿ. ಗಟ್ಟಿಯಾಗಿ ಅಮುಕಿ ಹಿಡಿಯಬ್ಯಾಡ್ರಿ.

ಆಗಲೇ ಗಡಿಯಾರ ನೋಡಿರಿ. ಯಾಕೆ ಗೊತ್ತೇ? ದವಾಖಾನೆ ಮುಟ್ಟುವಷ್ಟರಲ್ಲಿ ಬಹಳ ಸಲ ಫಿಟ್ಸ್ ನಿಂತಿರುತ್ತದೆ. ಡಾಕ್ಟರು ಅದನ್ನು ಕಣ್ಣಾರೆ ಕಾಣುವುದಿಲ್ಲ. ಕಂಡವರು ನೀವು. ನೀವು ಹೇಳಿದ್ದರ ಮೇಲೆ ಅವರು ರೋಗ ಗುರುತಿಸುತ್ತಾರೆ. ನಾವೀಗ ಬರೆಯಲು ಕಲಿತಿದ್ದೇವೆ. ಫಿಟ್ಸ್ ನಿಂತ ಮೇಲೆ ಒಂದು ಚೀಟಿಯಲ್ಲಿ ಹೀಗೆ ಬರೆಯಿರಿ:

ಮಧ್ಯಾಹ್ನ 2 ಗಂಟೆಗೆ ಬಂತು.
3 ನಿಮಿಷ ಇತ್ತು.
ಬಲಗೈ ಅಷ್ಟೇ ಜಗ್ಗಿತು.
ಮುಂಜಾನೆಯಿಂದ ಜ್ವರ ಇತ್ತು.

ಚೀಟಿ ಸಣ್ಣದು, ಕೆಲಸ ದೊಡ್ಡದು. ಬಲಗೈ ಒಂದೇ ಜಗ್ಗಿದರೆ ಡಾಕ್ಟರಿಗೆ ಮಿದುಳಿನ ಎಡಭಾಗದ ಮೇಲೆ ಸಂಶಯ ಬರುತ್ತದೆ. ಮನೆಯಲ್ಲಿ ಇನ್ನೊಬ್ಬರಿದ್ದರೆ ಮೊಬೈಲಿನಲ್ಲಿ ವಿಡಿಯೋ ಹಿಡಿಯಲಿ.

6 ತಿಂಗಳಿಂದ 5 ವರ್ಷದ ಮಕ್ಕಳಿಗೆ ಜ್ವರ ಬಂದಾಗ ಫಿಟ್ಸ್ ಬರಬಹುದು. ಬಹಳ ಸಲ 5 ನಿಮಿಷದೊಳಗೆ ತಾನೇ ನಿಲ್ಲುತ್ತದೆ. ಇದರಿಂದ ಕೂಸು ದಡ್ಡ ಆಗುವುದಿಲ್ಲ. ಆದರೂ ತೋರಿಸಲೇಬೇಕು. ಮಿದುಳು ಜ್ವರವೂ ಹೀಗೇ ಶುರುವಾಗಬಹುದು. ಕುತ್ತಿಗೆ ಬಗ್ಗುತ್ತಿಲ್ಲವೇ? ಮೇಲಿಂದ ಮೇಲೆ ವಾಂತಿಯೇ? ಎಬ್ಬಿಸಿದರೂ ಎಚ್ಚರವಿಲ್ಲವೇ? ಫಿಟ್ಸ್ 5 ನಿಮಿಷ ದಾಟಿತೇ? ಹಾಗಿದ್ದರೆ ಒಂದು ಗಳಿಗೆಯೂ ಕಾಯಬ್ಯಾಡ್ರಿ. 108ಕ್ಕೆ ಫೋನ್ ಮಾಡಿರಿ. ತಿಕೋಟಾ, ಬಬಲೇಶ್ವರದ ಕಡೆಯವರಿಗೂ ಇದೇ ನಂಬರು.

ಮಿದುಳು ಜ್ವರದ ಸಂಶಯ ಬಂದರೆ ಬೆನ್ನಿನ ನೀರು ತೆಗೆದು ಪರೀಕ್ಷೆ ಮಾಡುತ್ತಾರೆ. ಇಲ್ಲಿ ಮನೆಯವರು ಅಂಜುತ್ತಾರೆ. "ಬೆನ್ನಾಗಿನ ನೀರು ತಗದ್ರ ಕೂಸು ಕುಂಟ ಆಗ್ತದ" ಅಂತಾರೆ. ಈ ಅಂಜಿಕೆಯಿಂದ ಕೂಸನ್ನು ವಾಪಸು ಕರೆದೊಯ್ದರೆ ಜೀವಕ್ಕೇ ಅಪಾಯ. ಬೆನ್ನುಹುರಿ ಮೇಲೆಯೇ ಮುಗಿಯುತ್ತದೆ. ಸೂಜಿ ಹಾಕುವುದು ಅದರ ಕೆಳಗೆ, ಸೊಂಟದ ಹತ್ತಿರ. ತೆಗೆಯುವುದು ಕೆಲವು ಹನಿ ಮಾತ್ರ. ಯಾವ ಔಷಧಿ ಬೇಕೆಂದು ಆ ಹನಿಗಳಿಂದ ತಿಳಿಯುತ್ತದೆ.

ಇನ್ನೊಂದು ಮಾತು. ನಿನ್ನೆ ಓಡಿದ ಕೂಸಿನ ಕಾಲು ಇಂದು ಜೋತು ಬಿದ್ದರೆ ಎಣ್ಣೆ ತಿಕ್ಕುತ್ತ ಕೂಡಬ್ಯಾಡ್ರಿ. 15 ವರ್ಷದೊಳಗಿನ ಯಾವ ಮಗುವಿಗೆ ಹೀಗಾದರೂ ಸರಕಾರಿ ದವಾಖಾನೆಗೆ ತಿಳಿಸಬೇಕು. ಅಲ್ಲಿ ಮಗುವಿನ ಮಲವನ್ನು ಎರಡು ಸಲ ಪರೀಕ್ಷೆಗೆ ತೆಗೆದುಕೊಳ್ಳುತ್ತಾರೆ. ನಡುವೆ 24 ತಾಸು ಬಿಡುತ್ತಾರೆ. ಕಾಲು ಬಿದ್ದ 14 ದಿನದೊಳಗೆ ಇದು ಆಗಬೇಕು. ಪೋಲಿಯೋ ಹೌದೋ ಅಲ್ಲವೋ ಎಂದು ಹೀಗೆ ಗೊತ್ತಾಗುತ್ತದೆ. 2014ರಲ್ಲಿ ಭಾರತ ಪೋಲಿಯೋ ಮುಕ್ತ ಎಂದು ಘೋಷಣೆಯಾಯಿತು. ಆದರೂ ಈ ಪರೀಕ್ಷೆಯನ್ನು ಬಿಟ್ಟಿಲ್ಲ.