ಸ್ನಾತಕೋತ್ತರಕ್ಕೆ ಸೇರಿದವರಿಗೆ: ಸೀಟು ಸಿಕ್ಕ ಮೇಲಿನ ಕೆಲಸ

ನಮ್ಮ ಕೃಷ್ಣರಾಜಪುರದ ಮಕ್ಕಳಿಗೆ ಎಂ.ಎ., ಎಂ.ಕಾಂ. ಸೀಟು ಸಿಕ್ಕಿದರೆ ಮನೆಯವರಿಗೆ ದೊಡ್ಡ ಭಾರ ಇಳಿದಂತೆ. ಆದರೆ ಪ್ರವೇಶ ಬೇರೆ, ನೋಂದಣಿ ಬೇರೆ. ಶುಲ್ಕದ ರಸೀದಿ ಕೈಯಲ್ಲಿದ್ದರೂ, ಪ್ರತಿ ಸೆಮಿಸ್ಟರ್ ಪರೀಕ್ಷೆಗೆ ಅರ್ಜಿ ಹಾಕದಿದ್ದರೆ ಹಾಲ್ ಟಿಕೆಟ್ ಬಾರದು.

ಪತ್ರಿಕೆಗಳ ಆಯ್ಕೆ: ಮೊದಲ ವಾರದಲ್ಲೇ ನಾಲ್ಕೂ ಸೆಮಿಸ್ಟರ್‌ಗಳ ಪಠ್ಯಕ್ರಮವನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಕಡ್ಡಾಯ ಪತ್ರಿಕೆಗಳಲ್ಲಿ ಆಯ್ಕೆಯಿಲ್ಲ. ಐಚ್ಛಿಕ ಪತ್ರಿಕೆಯನ್ನು ಗೆಳೆಯರು ತೆಗೆದುಕೊಂಡರೆಂದು ಆರಿಸಬೇಡಿ. ಅಧ್ಯಾಪಕರಾಗುವ ಆಸೆಯಿದ್ದರೆ ನೆಟ್, ಕೆ-ಸೆಟ್ ಪಠ್ಯಕ್ರಮವನ್ನು ಪಕ್ಕದಲ್ಲಿಟ್ಟು ಆರಿಸಿ. ನೆಟ್‌ಗೆ ಸಾಮಾನ್ಯ ವರ್ಗದವರಿಗೆ ಸ್ನಾತಕೋತ್ತರದಲ್ಲಿ ಶೇ. 55 ಅಂಕ ಬೇಕು.

ಹಾಜರಾತಿ: ಶೇ. 75 ಇರಬೇಕು. 2023ರ ಅಕ್ಟೋಬರ್‌ನಿಂದ ಕೆ.ಆರ್. ಪುರದಿಂದ ಜ್ಞಾನಭಾರತಿಗೆ ರೈಲು ಬದಲಿಸದೆ ಮೆಟ್ರೊದಲ್ಲಿ ಹೋಗಬಹುದು. ಆದರೂ ಊರಿನ ಈ ತುದಿಯಿಂದ ಆ ತುದಿ. ಜೊತೆಗೆ ಕೆಲಸ ಮಾಡುವವರು ತರಗತಿಯ ವೇಳಾಪಟ್ಟಿ ನೋಡಿಯೇ ಕೆಲಸ ಒಪ್ಪಿಕೊಳ್ಳಲಿ.

ಹೆಸರು: ಅಂಕಪಟ್ಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್‌ಗಳಲ್ಲಿ ಮೊಹಮ್ಮದ್, ಮಹಮ್ಮದ್, ಎಂಡಿ ಎಂದು ಮೂರು ಬಗೆ ಇದ್ದರೆ ವಿದ್ಯಾರ್ಥಿವೇತನ ತಡೆಯಬಹುದು. ಎಸ್.ಎಸ್.ಪಿ. ಅರ್ಜಿಗೆ ಮೊದಲೇ ಸರಿಪಡಿಸಿಕೊಳ್ಳಿ.

ದಾನಿಗಳು ಕೊಟ್ಟ ಹಣ ಶುಲ್ಕ ಕಟ್ಟೀತು, ಕೊನೆಯ ದಿನಾಂಕವನ್ನು ಕಾಯಲಾರದು. ಪೋಷಕರೇ, ಆ ದಿನಾಂಕಗಳನ್ನು ಮನೆಯ ಕ್ಯಾಲೆಂಡರ್‌ನಲ್ಲಿ ಇಂದೇ ಗುರುತು ಹಾಕಿ.