ಮೊಲ ಆಸ್ಪತ್ರೆಯಿಂದ ಮನೆಗೆ ಬಂತು: ಗಾಯಕ್ಕಿಂತ ಮೊದಲು ಹಿಕ್ಕೆ ನೋಡಿ

ಈ ವಾರ ಬೆಳೆ ವಿಷಯ ಬಿಟ್ಟು ಮೊಲದ ವಿಷಯ ಮಾತಾಡೋಣ. ನಮ್ಮ ತೋಟಕ್ಕೆ ಎರಡು ಮೊಲ ತಂದದ್ದು ಗೊಬ್ಬರದ ಆಸೆಗೆ. ಆರು ತಿಂಗಳಲ್ಲಿ ಗೊಬ್ಬರದ ಲೆಕ್ಕ ಮರೆತುಹೋಯ್ತು, ಅವು ಮಗಳ ಜೊತೆಗಾರರಾದವು. ಒಂದು ಬೆಳ್ಳಿ, ಇನ್ನೊಂದು ಚುಕ್ಕಿ.

ಬೆಳ್ಳಿಯ ಕುತ್ತಿಗೆಯಲ್ಲಿ ಕೀವುಗಡ್ಡೆ ಆಯ್ತು. ಡಾಕ್ಟರ್ ಅರಿವಳಿಕೆ ಕೊಟ್ಟು, ಗಡ್ಡೆ ತೆಗೆದು, ಹೊಲಿಗೆ ಹಾಕಿ ಕಳಿಸಿದರು. "ತಿಂತಾ ಇದೆಯಾ ನೋಡ್ಕೊಳ್ಳಿ" ಅಂತಾನೂ ಹೇಳಿದರು. ನಾವು ನೋಡಿದ್ದು ಗಾಯ ಮಾತ್ರ. ಮೂಲೆಯಲ್ಲಿ ಮುದುಡಿ ಕೂತಿತ್ತು. "ಪಾಪ, ಸುಸ್ತಾಗಿದೆ, ಮಲಗಲಿ" ಅಂತ ಬಿಟ್ಟುಬಿಟ್ಟೆವು. ಎರಡನೇ ದಿನ ಬೆಳಗ್ಗೆ ಬೆಳ್ಳಿ ಇರಲಿಲ್ಲ. ಗಾಯ ಮಾತ್ರ ಚೆನ್ನಾಗಿ ಒಣಗುತ್ತಿತ್ತು. ತಪ್ಪು ನಮ್ಮದೇ. ಅದು ನಿಮ್ಮ ಮನೆಯಲ್ಲಿ ಆಗಬಾರದು ಅಂತ ಇದನ್ನು ಬರೀತಿದ್ದೀನಿ.

ಮೊಲ ತಿನ್ನದಿದ್ದರೆ ಏನಾಗುತ್ತೆ?

ಮೊಲದ ಕರುಳು ಯಾವಾಗಲೂ ಕೆಲಸ ಮಾಡ್ತಾನೇ ಇರಬೇಕು. ನೋವು, ಹೆದರಿಕೆ ಅಥವಾ ಅರಿವಳಿಕೆಯಿಂದ ಮೇವು ನಿಂತರೆ ಕರುಳಿನ ಚಲನೆ ನಿಧಾನ ಆಗುತ್ತೆ. ಒಳಗಿನ ಮೇವು ಒಣಗಿ ಗಟ್ಟಿಯಾಗುತ್ತೆ, ಗ್ಯಾಸ್ ತುಂಬುತ್ತೆ, ನೋವು ಇನ್ನೂ ಹೆಚ್ಚಾಗಿ ಮೊಲ ಇನ್ನೂ ತಿನ್ನಲ್ಲ. ಮೊಲ ವಾಂತಿಯನ್ನೂ ಮಾಡಲಾರದು. ಆದ್ದರಿಂದ ಮೊಲ 12 ಗಂಟೆ ಏನೂ ತಿನ್ನದಿದ್ದರೆ, ಅಥವಾ ಹಿಕ್ಕೆ ಹಾಕದಿದ್ದರೆ, ಬೆಳಗಾಗಲಿ ಅಂತ ಕಾಯಬೇಡಿ. ತಕ್ಷಣ ಡಾಕ್ಟರಿಗೆ ಫೋನ್ ಮಾಡಿ.

ಹಿಕ್ಕೆ ಓದೋದು ಹೇಗೆ?

ಪಂಜರದಲ್ಲಿ ಹಳೇ ಹಿಕ್ಕೆ ಎಲ್ಲಾ ತೆಗೆದು ಪೇಪರ್ ಹಾಸಿ. ನಾಲ್ಕು ಗಂಟೆಗೊಮ್ಮೆ ಮೊಬೈಲಿನಲ್ಲಿ ಫೋಟೋ ತೆಗೀರಿ.

- ದುಂಡಗೆ, ಒಂದೇ ಗಾತ್ರ, ಒಡೆದರೆ ಒಳಗೆ ಹುಲ್ಲಿನ ನಾರು: ಸರಿ ಇದೆ.
- ಸಣ್ಣ, ಕಪ್ಪು, ಗಟ್ಟಿ, ಲೆಕ್ಕದಲ್ಲೂ ಕಡಿಮೆ: ಮೇವು ಸಾಲುತ್ತಿಲ್ಲ.
- ಪುಟ್ಟ ದ್ರಾಕ್ಷಿ ಗೊಂಚಲಿನ ಹಾಗೆ ಮೆತ್ತಗೆ, ಅಂಟಂಟು: ಇದು ಭೇದಿ ಅಲ್ಲ. ಮೊಲ ಇದನ್ನು ತಾನೇ ಮತ್ತೆ ತಿನ್ನುತ್ತೆ, ಅದರಿಂದ ಪೋಷಕಾಂಶ ಸಿಗುತ್ತೆ. ಗಾಯ ನೆಕ್ಕದಂತೆ ಕುತ್ತಿಗೆಗೆ ಪಟ್ಟಿ ಹಾಕಿದ್ದರೆ ಬಾಯಿ ಎಟುಕದೆ ಬಿಟ್ಟಿರಬಹುದು, ಡಾಕ್ಟರಿಗೆ ತಿಳಿಸಿ.
- ನೀರಿನಂಥ ಭೇದಿ: ಆಗಲೇ ಆಸ್ಪತ್ರೆಗೆ ಹೋಗಬೇಕು.

ಮೇವು, ನೀರು

ಒಣಹುಲ್ಲು ಯಾವಾಗಲೂ ಮುಂದೆ ಇರಲಿ. ನೆರಳಲ್ಲಿ ಒಣಗಿಸಿದ ಗರಿಕೆ ಆಗುತ್ತೆ. ಬೂಷ್ಟು ಹಿಡಿದದ್ದು ಬೇಡ. ಬಾಯಿ ಚಪಲ ಹುಟ್ಟಿಸೋಕೆ ಹಸಿ ಗರಿಕೆ, ಕೊತ್ತಂಬರಿ, ಮೂಲಂಗಿ ಸೊಪ್ಪು ಸ್ವಲ್ಪ ಸ್ವಲ್ಪ ಇಡಿ. ಇಲ್ಲಿ ಒಂದು ಮಾತು: ಔಷಧಿ ಹೊಡೆದ ಹೊಲದ ಸೊಪ್ಪು, ಬದುವಿನ ಹುಲ್ಲು ಖಂಡಿತ ಬೇಡ. ಕುದುರೆ ಮಸಾಲೆಯಲ್ಲಿ ಕ್ಯಾಲ್ಸಿಯಂ ಜಾಸ್ತಿ, ದೊಡ್ಡ ಮೊಲಕ್ಕೆ ಅದೇ ಮುಖ್ಯ ಮೇವಾಗಬಾರದು. ನೀರನ್ನು ಅಗಲವಾದ, ಮಗುಚದ ಬಟ್ಟಲಲ್ಲಿ ಇಡಿ. ನಿತ್ರಾಣವಾದ ಮೊಲಕ್ಕೆ ಬಾಟಲಿಯಿಂದ ಕುಡಿಯೋದು ಕಷ್ಟ.

ತಾನಾಗಿ ತಿನ್ನದಿದ್ದರೆ ಡಾಕ್ಟರನ್ನು ಕೇಳಿ ಸಿರಿಂಜಿನಲ್ಲಿ ತಿನ್ನಿಸಿ. ಮೊಲದ ಪೆಲೆಟ್ ಬಿಸಿನೀರಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಉಗುರುಬೆಚ್ಚಗಿರುವಾಗ ಸೂಜಿ ಇಲ್ಲದ ಸಿರಿಂಜಿಗೆ ತುಂಬಿ. ಮುಂದಿನ ಹಲ್ಲಿನ ಹಿಂದೆ, ಬಾಯಿಯ ಪಕ್ಕದಿಂದ ಅರ್ಧ ಅರ್ಧ ಮಿಲಿ ಬಿಡಿ. ಅಗಿದು ನುಂಗಿದ ಮೇಲೆ ಮುಂದಿನದು. ಒಂದು ಕೆಜಿ ತೂಕಕ್ಕೆ ಒಂದು ಹೊತ್ತಿಗೆ 10ರಿಂದ 15 ಮಿಲಿ, ದಿನಕ್ಕೆ ನಾಲ್ಕೈದು ಸಲ. ಅಂಗಾತ ಮಲಗಿಸಿ ಕೊಡಬೇಡಿ, ಶ್ವಾಸಕೋಶಕ್ಕೆ ಹೋಗುತ್ತೆ. ಪೂರ್ತಿ ಎಚ್ಚರ ಆಗದ ಮೊಲಕ್ಕೂ ಕೊಡಬೇಡಿ. ಹೊಟ್ಟೆ ತಮಟೆಯ ಹಾಗೆ ಬಿಗಿದಿದ್ದರೆ ತಿನ್ನಿಸೋದು ನಿಲ್ಲಿಸಿ ಆಸ್ಪತ್ರೆಗೆ ಹೊರಡಿ.

ಜಾಗ ಮತ್ತು ಗಾಯ

ತಂತಿ ಬಲೆಯ ಮೇಲೆ ಬೇಡ, ಮರದ ಹೊಟ್ಟೂ ಬೇಡ, ಅದು ಗಾಯಕ್ಕೆ ಅಂಟುತ್ತೆ. ಪೇಪರ್ ಮೇಲೆ ಹಳೇ ಕಾಟನ್ ಬಟ್ಟೆ ಹಾಸಿ. ನಾಯಿ, ಬೆಕ್ಕು, ಟಿವಿ ಸದ್ದು ದೂರ ಇರಲಿ. ಅರಿವಳಿಕೆ ಇಳಿಯೋ ಹೊತ್ತಲ್ಲಿ ಮೈ ತಣ್ಣಗಾಗುತ್ತೆ. ಕಿವಿ ಮುಟ್ಟಿ ನೋಡಿ, ತಣ್ಣಗಿದ್ದರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಆಮೇಲೆ ಭಯ ಸೆಕೆಯದ್ದು. 30 ಡಿಗ್ರಿ ದಾಟಿದರೆ ಮೊಲಕ್ಕೆ ಕಷ್ಟ, ನೆರಳು ಗಾಳಿ ಇರೋ ಕಡೆ ಇಡಿ.

ದಿನಕ್ಕೆರಡು ಸಲ ಹೊಲಿಗೆ ನೋಡಿ: ಕೆಂಪು, ಊತ, ವಾಸನೆ, ಬಾಯಿ ಬಿಟ್ಟ ಹೊಲಿಗೆ. ಮೊಲದ ಕೀವು ನೀರಾಗಿ ಸೋರಲ್ಲ, ಗಟ್ಟಿ ಮೊಸರಿನ ಹಾಗಿರುತ್ತೆ. ಹಿಂಭಾಗವನ್ನೂ ನೋಡಿ, ಒದ್ದೆ ಕೂದಲಿಗೆ ನೊಣ ಮೊಟ್ಟೆ ಇಟ್ಟರೆ ಒಂದೇ ದಿನದಲ್ಲಿ ಹುಳ ಬೀಳಬಹುದು. ಎತ್ತುವಾಗ ಕಿವಿ ಹಿಡಿಯಬೇಡಿ. ಒಂದು ಕೈ ಎದೆ ಕೆಳಗೆ, ಇನ್ನೊಂದು ಹಿಂಗಾಲಿನ ಕೆಳಗೆ ಇರಲಿ. ಜೋರಾಗಿ ಒದ್ದರೆ ಬೆನ್ನುಮೂಳೆಯೇ ಮುರಿಯಬಹುದು.

ಮನೆಯ ಔಷಧಿ ಡಬ್ಬಿ ಮುಟ್ಟಬೇಡಿ

ಮಕ್ಕಳ ಸಿರಪ್, ಹಸುವಿಗೆ ತಂದು ಉಳಿದದ್ದು ಯಾವುದೂ ಬೇಡ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಲಿಂಕೋಮೈಸಿನ್, ಕ್ಲಿಂಡಾಮೈಸಿನ್ ಇವನ್ನು ಬಾಯಿಂದ ಕೊಟ್ಟರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಮೊಲವೇ ಸಾಯಬಹುದು. ನಾಯಿಯ ಉಣ್ಣೆಗೆ ಹಾಕೋ ಫಿಪ್ರೊನಿಲ್ ಕೂಡ ಮೊಲಕ್ಕೆ ವಿಷ. ಭತ್ತ, ಕಬ್ಬಿಗೆ ಬಳಸೋದೂ ಅದೇ ಫಿಪ್ರೊನಿಲ್. ಡಾಕ್ಟರ್ ಬರೆದುಕೊಟ್ಟ ನೋವಿನ ಔಷಧಿಯನ್ನು ಮಾತ್ರ "ಈಗ ಆರಾಮಾಗಿದೆಯಲ್ಲ" ಅಂತ ನಡುವೆ ನಿಲ್ಲಿಸಬೇಡಿ. ನೋವಿದ್ದರೆ ಮೊಲ ಕೂಗಲ್ಲ. ಬೆನ್ನು ಬಾಗಿಸಿ, ಕಣ್ಣು ಅರ್ಧ ಮುಚ್ಚಿ, ಹಲ್ಲು ಕಡೀತಾ ಕೂರುತ್ತೆ. ಬೆಳ್ಳಿ ಕೂತಿದ್ದೂ ಹಾಗೇ.

ಆಸ್ಪತ್ರೆ ಬಿಡೋ ಮೊದಲು ಕೇಳಿ, ಮೊಬೈಲಲ್ಲಿ ಬರೆದುಕೊಳ್ಳಿ

1. ಎಷ್ಟು ಗಂಟೆಯೊಳಗೆ ತಿನ್ನಬೇಕು?
2. ತಿನ್ನದಿದ್ದರೆ ಸಿರಿಂಜಲ್ಲಿ ಯಾವಾಗಿನಿಂದ, ಎಷ್ಟು ಕೊಡಲಿ?
3. ನೋವಿನ ಔಷಧಿ ಎಷ್ಟು ಮಿಲಿ, ಎಷ್ಟು ದಿನ?
4. ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಲಿ?

ಮರುವರ್ಷ ಚುಕ್ಕಿಗೆ ಗರ್ಭಕೋಶದ ಆಪರೇಷನ್ ಆಯ್ತು. ಈ ಸಲ ಫೋನಿನಲ್ಲಿ ಅಲಾರಂ ಇಟ್ಟು, ಸರದಿ ಹಾಕಿಕೊಂಡು ಎದ್ದೆವು. ಸಂಜೆ ಏನೂ ಮುಟ್ಟಲಿಲ್ಲ, ಡಾಕ್ಟರಿಗೆ ಫೋನ್ ಮಾಡಿ ಸಿರಿಂಜ್ ಶುರು ಮಾಡಿದೆವು. ಬೆಳಗಿನ ಜಾವ ಪೇಪರ್ ಮೇಲೆ ಮೂರೇ ಮೂರು ಸಣ್ಣ ಹಿಕ್ಕೆ. ಮಗಳು ಎದ್ದ ಕೂಡಲೇ ಕೇಳಿದ್ದು ಅದನ್ನೇ, "ಅಪ್ಪಾ, ಹಿಕ್ಕೆ ಹಾಕ್ತಾ?" ಹಾಕಿದೆ ಮಗಾ ಅಂದೆ.

ಚುಕ್ಕಿ ಈಗ ಗರಿಕೆ ಮಡಿಯನ್ನೇ ಖಾಲಿ ಮಾಡ್ತಿದೆ. ಅದರ ಹಿಕ್ಕೆಯಿಂದ ತರಕಾರಿ ಮಡಿಗೆ ಗೊಬ್ಬರ ಮಾಡೋದು ಹೇಗೆ ಅಂತ ಮುಂದಿನ ವಾರ ನೋಡೋಣ.