ಎದುರು ಗಾಳಿ ಮತ್ತು ಸೈಕಲ್ಲು

ಆಷಾಢ ಬಂತೆಂದರೆ ನಮ್ಮ ರಾಯದುರ್ಗಕ್ಕೆ ಮಳೆಗಿಂತ ಮೊದಲು ಬರುವುದು ಗಾಳಿ. ಪಶ್ಚಿಮ ಘಟ್ಟಗಳ ಮೇಲೆ ತನ್ನಲ್ಲಿದ್ದುದನ್ನೆಲ್ಲ ಸುರಿದು ಬರಿಗೈಯಾದ ನೈಋತ್ಯ ಮಾರುತ ಈ ಬಯಲಿಗೆ ತಲಪುವಾಗ ಅದರಲ್ಲಿ ನೀರು ಉಳಿದಿರುವುದು ಅಲ್ಪ, ವೇಗ ಮಾತ್ರ ಬೇಕಾದಷ್ಟು. ವೇದಾವತಿಯ ಮರಳನ್ನು ಎತ್ತಿ ತಂದು ದರ್ಗಾ ಹೊನ್ನೂರಿನ ಹೊಲಗಳಲ್ಲಿ ದಿಬ್ಬ ಮಾಡಿದ್ದು ಗಾಳಿಯೇ. ನಮ್ಮ ಜಿಲ್ಲೆಯ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ತಿರುಗಿಸುವುದೂ ಗಾಳಿಯೇ. ಈ ಗಾಳಿಯಲ್ಲಿ ಸೈಕಲ್ ತುಳಿದುಕೊಂಡು ಶಾಲೆಗೆ ಬರುವ ಮಕ್ಕಳ ವಿಷಯದಲ್ಲಿ ನಾನೊಂದು ತಪ್ಪು ಮಾಡಿದ್ದೇನೆ. ಅದನ್ನು ಮೊದಲು ಹೇಳಿ ಆಮೇಲೆ ಪಾಠಕ್ಕೆ ಬರುವುದು ನ್ಯಾಯ.

ಕೆಲವು ವರ್ಷಗಳ ಹಿಂದಿನ ಮಾತು. ಕಣೇಕಲ್ಲು ರಸ್ತೆಯ ಒಂದು ಹಳ್ಳಿಯಿಂದ ಇಬ್ಬರು ಹುಡುಗಿಯರು ದಿನವೂ ತಡವಾಗಿ ಬರುತ್ತಿದ್ದರು. ಅವರ ಊರು ಶಾಲೆಯಿಂದ ಎಂಟು ಕಿಲೋಮೀಟರು. ಹತ್ತಿರದಲ್ಲೇ ತೆಲುಗು ಶಾಲೆಯಿದ್ದರೂ, ಮನೆಯ ಮಾತು ಕನ್ನಡವೆಂದು ತಂದೆತಾಯಿ ಅವರನ್ನು ಇಷ್ಟು ದೂರ ಕಳಿಸುತ್ತಿದ್ದರು. ಏಕೆ ತಡವೆಂದು ಕೇಳಿದರೆ “ಗಾಳಿ ಜಾಸ್ತಿ” ಎಂದರು. ನನಗೆ ನಗು ಬಂತು. ಮೊಳಕಾಲ್ಮೂರು ರಸ್ತೆಯ ಹುಡುಗರೂ ಇದೇ ಗಾಳಿಯಲ್ಲಿ ಬರುವವರೇ. ಅವರು ಗಂಟೆ ಬಾರಿಸುವ ಮೊದಲೇ ಅಂಗಳದಲ್ಲಿ ಆಡುತ್ತಿರುತ್ತಾರಲ್ಲ! ಇಬ್ಬರನ್ನೂ ಒಂದು ವಾರ ಬಾಗಿಲ ಹೊರಗೆ ನಿಲ್ಲಿಸಿದೆ. ಎರಡನೆಯ ವಾರ ಅವರಲ್ಲೊಬ್ಬಳು ಬರಲಿಲ್ಲ. ದಿನವೂ ನಿಂತು ಬರುವುದಕ್ಕೆ ಅಷ್ಟು ದೂರ ಏಕೆ ಹೋಗಬೇಕು, ಊರ ಬಳಿಯ ಶಾಲೆಗೇ ಸೇರಿಸುತ್ತೇನೆ ಎಂದು ಅವಳ ತಂದೆ ನಿಶ್ಚಯಿಸಿದ್ದರಂತೆ.

ಮಾತನಾಡಿ ಬರೋಣವೆಂದು ಒಂದು ಶನಿವಾರ ನನ್ನ ಹಳೆಯ ಸೈಕಲ್ಲನ್ನೇ ಹತ್ತಿದೆ. ಹೋಗುವಾಗ ಪೆಡಲು ತುಳಿದದ್ದೇ ತಿಳಿಯಲಿಲ್ಲ. ಇಪ್ಪತ್ತೈದು ನಿಮಿಷಕ್ಕೆ ಊರು ಸಿಕ್ಕಿತು. ಬರುವಾಗ ಅದೇ ರಸ್ತೆ, ಅದೇ ಸೈಕಲ್ಲು, ಅದೇ ಕಾಲುಗಳು. ಮನೆ ಮುಟ್ಟಲು ಒಂದು ಗಂಟೆಗೆ ಐದೇ ನಿಮಿಷ ಕಡಿಮೆ. ಮೂರು ಸಲ ಇಳಿದು ತಳ್ಳಿದೆ. ಕಣೇಕಲ್ಲು ನಮಗೆ ಈಶಾನ್ಯಕ್ಕಿದೆ. ಅಲ್ಲಿಂದ ಬರುವವರು ನೈಋತ್ಯಕ್ಕೆ ಮುಖ ಮಾಡಿ, ಗಾಳಿಯ ಬಾಯಿಗೇ ಸೈಕಲ್ ಹೊಡೆಯಬೇಕು. ಮೊಳಕಾಲ್ಮೂರು ನಮಗೆ ಪಶ್ಚಿಮ. ಅಲ್ಲಿಂದ ಬರುವವರನ್ನು ಬೆಳಿಗ್ಗೆ ಗಾಳಿಯೇ ಬೆನ್ನು ಹಿಡಿದು ತಳ್ಳುತ್ತದೆ. ಭೂಪಟ ತೂಗುಹಾಕಿದ ಕೋಣೆಯಲ್ಲಿ ನಿಂತು ಪಾಠ ಹೇಳುವ ನನಗೆ ಇಷ್ಟು ಹೊಳೆದಿರಲಿಲ್ಲ. ಹುಡುಗಿ ಮರುವಾರ ಬಂದಳು. ನಾನು ಇಬ್ಬರ ಕ್ಷಮೆ ಕೇಳಿದೆ. ಅಂದಿನಿಂದ ಈ ವಿಷಯವನ್ನು ಓದುತ್ತಾ, ಮೊಬೈಲಿನಲ್ಲಿ ದೊಡ್ಡ ಸೈಕಲ್ ಪಂದ್ಯಗಳನ್ನು ನೋಡುತ್ತಾ ಬಂದಿದ್ದೇನೆ. ಹವ್ಯಾಸವಾಗಿ ಹಿಡಿದದ್ದು ಈಗ ಬಿಡಲಾರದಂತಾಗಿದೆ.

ವಿದ್ಯಾರ್ಥಿ ಮಿತ್ರರೇ, ಸಮತಟ್ಟಾದ ರಸ್ತೆಯಲ್ಲಿ ಸೈಕಲ್ ಸವಾರನನ್ನು ತಡೆಯುವವು ಮುಖ್ಯವಾಗಿ ಎರಡು: ಟೈರು ನೆಲಕ್ಕೆ ಒತ್ತಿಕೊಂಡು ಉರುಳುವಾಗಿನ ತಡೆ ಮತ್ತು ಗಾಳಿಯ ತಡೆ. ನಿಧಾನವಾಗಿ ಹೋಗುವಾಗ ಮೊದಲನೆಯದೇ ಹೆಚ್ಚು. ವೇಗ ಏರಿದಂತೆ ಎರಡನೆಯದು ಅದನ್ನು ಬಹುದೂರ ಹಿಂದೆ ಹಾಕುತ್ತದೆ, ಏಕೆಂದರೆ ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟು. ಇಲ್ಲಿ ವೇಗವೆಂದರೆ ನೆಲದ ಮೇಲಿನ ವೇಗವಲ್ಲ, ಗಾಳಿಗೆ ಹೋಲಿಸಿದ ವೇಗ. ನೀವು ಗಂಟೆಗೆ 15 ಕಿಲೋಮೀಟರಿನಂತೆ ಹೋಗುತ್ತಿದ್ದೀರಿ, ಎದುರಿನಿಂದ ಗಂಟೆಗೆ 15 ಕಿಲೋಮೀಟರಿನ ಗಾಳಿ ಬೀಸುತ್ತಿದೆ ಎನ್ನಿ. ನಿಮ್ಮ ಎದೆಗೆ ಬಡಿಯುವುದು 30 ಕಿಲೋಮೀಟರಿನ ಗಾಳಿ; ಗಾಳಿಯಿಲ್ಲದ ದಿನ ನೀವು ತಳ್ಳುತ್ತಿದ್ದ ತಡೆಯ ನಾಲ್ಕು ಪಟ್ಟು. ಅದೇ ಗಾಳಿ ಬೆನ್ನಿಗಿದ್ದರೆ ಗಾಳಿಯ ತಡೆ ಸೊನ್ನೆ. ಒಂದೇ ಊರಿನ ಎರಡು ರಸ್ತೆಗಳಲ್ಲಿ ಎರಡು ಬಗೆಯ ಬೆಳಗು ಆಗುವುದು ಹೀಗೆ.

ಇದಕ್ಕೆ ಪರಿಹಾರವಿದೆ, ಅದನ್ನು ಪಂದ್ಯದ ಸವಾರರು ಕಂಡುಕೊಂಡು ನೂರು ವರ್ಷಕ್ಕೂ ಮೇಲಾಯಿತು. ಮುಂದಿನವನ ಬೆನ್ನ ಹಿಂದೆ ಗಾಳಿಯ ನೆರಳು ಬೀಳುತ್ತದೆ. ಆ ನೆರಳಿನಲ್ಲಿ ಹತ್ತಿರವಾಗಿ ಬರುವವನಿಗೆ ಶ್ರಮದಲ್ಲಿ ಸುಮಾರು ಮೂರನೆಯ ಒಂದು ಪಾಲು ಉಳಿಯಬಹುದು. ಹಿಂದೆ ಒಬ್ಬನು ಅಂಟಿಕೊಂಡನೆಂದು ಮುಂದಿನವನಿಗೆ ಏನೂ ನಷ್ಟವಿಲ್ಲ. ನೂರಾರು ಜನ ಒತ್ತಾಗಿ ಹೋಗುವ ಗುಂಪಿನ ನಡುವೆ ಇರುವವನಿಗಂತೂ ಗಾಳಿ ಇದೆಯೆಂಬುದೇ ಮರೆಯುವಷ್ಟು ಸುಖ. ಸೈಕಲ್ ಪಂದ್ಯ ಕಾಲುಬಲದ ಪಂದ್ಯವೆಂದು ನಾವು ತಿಳಿಯುತ್ತೇವೆ. ನನ್ನ ದೃಷ್ಟಿಯಲ್ಲಿ ಅದು ಹೆಚ್ಚಾಗಿ ಗಾಳಿಯನ್ನು ಯಾರು ಎಷ್ಟು ಹೊತ್ತು ಹೊರಬೇಕೆಂಬ ಲೆಕ್ಕಾಚಾರ.

ಫ್ರಾನ್ಸ್ ದೇಶವನ್ನು ಸುತ್ತುವ ಟೂರ್ ದ ಫ್ರಾನ್ಸ್ ಎಂಬ ಪಂದ್ಯವಿದೆ. ಒಂದು ಪತ್ರಿಕೆಯವರು ತಮ್ಮ ಮಾರಾಟ ಹೆಚ್ಚಲೆಂದು 1903ರಲ್ಲಿ ಅದನ್ನು ಆರಂಭಿಸಿದರು. ಮೊದಲ ವರ್ಷ 2,428 ಕಿಲೋಮೀಟರು ದೂರ ಆರೇ ಹಂತಗಳಲ್ಲಿ. ಹೊರಟವರು 60, ಮುಗಿಸಿದವರು 21. ಈಗ ಜುಲೈ ತಿಂಗಳ ಸುಮಾರಿಗೆ ಮೂರು ವಾರ, 21 ಹಂತಗಳಲ್ಲಿ ನಡೆಯುತ್ತದೆ. ತಂಡಕ್ಕೆ ಎಂಟು ಮಂದಿ. ಅದರಲ್ಲಿ ಗೆಲ್ಲಬೇಕಾದವನು ಒಬ್ಬ; ಮಿಕ್ಕವರು ಸರದಿಯಂತೆ ಅವನ ಮುಂದೆ ನಿಂತು ಗಾಳಿ ತಿನ್ನುತ್ತಾರೆ, ಹಿಂದೆ ಬಿದ್ದು ಕಾರಿನಿಂದ ನೀರಿನ ಬಾಟಲಿ ತಂದುಕೊಡುತ್ತಾರೆ, ಅವನ ಚಕ್ರ ಕೆಟ್ಟರೆ ತಮ್ಮ ಚಕ್ರ ಬಿಚ್ಚಿಕೊಡುತ್ತಾರೆ. ಕಡೆಯ ದಿನ ಹಳದಿ ಅಂಗಿ ತೊಡುವವನು ಒಬ್ಬನೇ.

ಈ ಅಂಗಿಯನ್ನು 1919ರಲ್ಲಿ ಮೊದಲು ತೊಟ್ಟವನು ಯೂಜೀನ್ ಕ್ರಿಸ್ತೋಫ್. ಅವನ 1913ರ ಕಥೆ ನಮ್ಮ ಊರಿನ ಕುಲುಮೆಗಳನ್ನು ಕಂಡವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಪಿರನೀಸ್ ಪರ್ವತದ ತೂರ್ಮಲೆ ಎಂಬ ಘಟ್ಟವನ್ನು ಇಳಿಯುವಾಗ ಅವನ ಸೈಕಲ್ಲಿನ ಮುಂದಿನ ಫೋರ್ಕು ಮುರಿಯಿತು. ಆಗ ಅವನು ಪಂದ್ಯವನ್ನೇ ಗೆಲ್ಲುವ ಸ್ಥಿತಿಯಲ್ಲಿದ್ದ. ಅಂದಿನ ನಿಯಮದಂತೆ ಸವಾರನು ತನ್ನ ಸೈಕಲ್ಲನ್ನು ತಾನೇ ದುರಸ್ತಿ ಮಾಡಿಕೊಳ್ಳಬೇಕು. ಸೈಕಲ್ಲನ್ನು ಹೆಗಲ ಮೇಲೆ ಹೊತ್ತು, ಹತ್ತು ಕಿಲೋಮೀಟರಿಗೂ ಹೆಚ್ಚು ದೂರ ಬೆಟ್ಟ ಇಳಿದು, ಸೇಂಟ್ ಮರಿ ದ ಕಾಂಪಾಂ ಎಂಬ ಹಳ್ಳಿಯ ಕಮ್ಮಾರನ ಮನೆ ಮುಟ್ಟಿದ. ಕಮ್ಮಾರನು ಮಾತಿನಲ್ಲಿ ಹೇಳಬಹುದು, ಕೈ ಹಾಕುವಂತಿಲ್ಲ. ಪಂದ್ಯದ ಅಧಿಕಾರಿಗಳು ಎದುರಿಗೇ ಕಾವಲು. ಕ್ರಿಸ್ತೋಫ್ ಕಬ್ಬಿಣ ಕಾಯಿಸಿ, ಬಡಿದು, ಫೋರ್ಕನ್ನು ಬೆಸೆದ. ಎರಡು ಕೈಯೂ ಕೆಲಸದಲ್ಲಿದ್ದುದರಿಂದ ಒಬ್ಬ ಪುಟ್ಟ ಹುಡುಗ ತಿದಿ ಒತ್ತಿದ. ಆ ತಿದಿ ಒತ್ತಿಸಿದ್ದಕ್ಕಾಗಿ ದಂಡ! ಸುಮಾರು ನಾಲ್ಕು ಗಂಟೆ ಕಳೆದುಕೊಂಡರೂ ಅವನು ಬಿಡದೆ ಸಾಗಿ ಒಟ್ಟಿನಲ್ಲಿ ಏಳನೆಯವನಾಗಿ ಮುಗಿಸಿದ. ಟೂರ್ ಪಂದ್ಯವನ್ನು ಅವನು ಎಂದೂ ಗೆಲ್ಲಲಿಲ್ಲ. ಆ ವರ್ಷ ಗೆದ್ದವನ ಹೆಸರನ್ನು ಇಂದು ಪುಸ್ತಕ ತೆಗೆದು ನೋಡಬೇಕು. ತಿದಿಯ ಕಥೆಯನ್ನು ಸೈಕಲ್ ಬಲ್ಲವರೆಲ್ಲ ಹೇಳುತ್ತಾರೆ.

ನಮ್ಮ ಕಾಲದಲ್ಲಿ ಮನೆಗೆ ಸೈಕಲ್ಲು ಬರುತ್ತಿದ್ದುದು ಬಿಡಿಬಿಡಿಯಾಗಿ. ನನ್ನ ತಂದೆ ಮೊದಲು ಗುಜರಿಯಿಂದ ಒಂದು ಫ್ರೇಮು ತಂದರು. ಚಕ್ರಗಳು ಬರಲು ಆರು ತಿಂಗಳಾಯಿತು, ಸೀಟಿಗೆ ಮತ್ತೊಂದು ಸುಗ್ಗಿ. ಹಾಗಾಗಿ ಒಂದೊಂದು ಭಾಗದ ಪರಿಚಯವೂ ಆಯಿತು. ನನಗೆ ಅತ್ಯಂತ ಬೆರಗು ಹುಟ್ಟಿಸಿದ್ದು ಚಕ್ರ. ಎತ್ತಿನ ಗಾಡಿಯ ಗಾಲಿಯಲ್ಲಿ ದಪ್ಪ ಮರದ ಅರೆಗಳಿವೆ. ಭಾರ ಬಿದ್ದಾಗ ಕೆಳಗಿನ ಅರೆ ಕಂಬದಂತೆ ನಿಂತು ಹೊರುತ್ತದೆ. ಸೈಕಲ್ಲಿನ ಕಡ್ಡಿಯನ್ನು ಕಂಬದಂತೆ ನಿಲ್ಲಿಸಿ ಒತ್ತಿ ನೋಡಿ, ಬಾಗಿಹೋಗುತ್ತದೆ. ಅದರ ಬಲವಿರುವುದು ಎಳೆತದಲ್ಲಿ. ನಮ್ಮ ಸಾಮಾನ್ಯ ಕರಿಯ ಸೈಕಲ್ಲಿಗೆ ಮುಂದೆ 32, ಹಿಂದೆ 40 ಕಡ್ಡಿಗಳು. ಎಲ್ಲವೂ ರಿಮ್ಮನ್ನು ಸುತ್ತಲಿಂದ ಒಳಕ್ಕೆ ಎಳೆದು ಹಿಡಿದಿರುವುದರಿಂದಲೇ ಚಕ್ರ ಗುಂಡಗೆ, ಗಟ್ಟಿಯಾಗಿ ನಿಲ್ಲುತ್ತದೆ. ಒಂದು ಸಡಿಲವಾದರೆ ಅದರ ಪಾಲನ್ನು ನೆರೆಯ ಕಡ್ಡಿಗಳು ಹೊರಬೇಕು, ಚಕ್ರ ಅತ್ತಿತ್ತ ಓಲಾಡುತ್ತದೆ. ಅಂಗಡಿಯವರು ಇದನ್ನು ‘ಔಟು’ ಎನ್ನುತ್ತಾರೆ. ಸೈಕಲ್ಲನ್ನು ತಲೆಕೆಳಗು ಮಾಡಿ, ಚಕ್ರ ತಿರುಗಿಸಿ, ಫೋರ್ಕಿಗೆ ಒಂದು ಸೀಮೆಸುಣ್ಣ ಹಿಡಿಯಿರಿ. ಗೀರು ಬಿದ್ದ ಕಡೆ ರಿಮ್ಮು ಸೀಮೆಸುಣ್ಣದತ್ತ ವಾಲಿದೆ ಎಂದರ್ಥ. ಅದರ ಎದುರು ಮಗ್ಗುಲಿನ ಕಡ್ಡಿಯನ್ನು ಕಾಲು ಸುತ್ತು ಬಿಗಿಮಾಡಿ. ಒಮ್ಮೆಗೇ ಹೆಚ್ಚು ತಿರುಗಿಸಬೇಡಿ. ಈ ಕೆಲಸದಲ್ಲಿ ಆತುರಪಟ್ಟು ನಾನು ಒಂದು ರಿಮ್ಮನ್ನು ಹಪ್ಪಳ ಮಾಡಿದ್ದುಂಟು.

ಗಣಿತದ ಅಧ್ಯಾಪಕರು ಮುನಿಸಿಕೊಳ್ಳದಿದ್ದರೆ ಒಂದು ಲೆಕ್ಕವನ್ನೂ ಹೇಳುತ್ತೇನೆ. ಪೆಡಲಿನ ಹಲ್ಲುಚಕ್ರದಲ್ಲಿ 44 ಹಲ್ಲು, ಹಿಂದಿನ ಚಕ್ರದಲ್ಲಿ 18 ಹಲ್ಲು ಇದ್ದರೆ ಒಂದು ತುಳಿತದ ಸುತ್ತಿಗೆ ಹಿಂದಿನ ಚಕ್ರ ಸುಮಾರು 2.44 ಸುತ್ತು ತಿರುಗುತ್ತದೆ. ಚಕ್ರದ ಸುತ್ತಳತೆ ಸುಮಾರು 2.2 ಮೀಟರು. ಅಂದರೆ ಒಂದು ಸುತ್ತಿಗೆ 5.4 ಮೀಟರು, ಎಂಟು ಕಿಲೋಮೀಟರು ದೂರದ ಊರಿನಿಂದ ಶಾಲೆಗೆ ಸುಮಾರು 1,480 ಸುತ್ತು. ಹಿಂದೆ 22 ಹಲ್ಲಿನ ಚಕ್ರ ಹಾಕಿಸಿದರೆ ಸುತ್ತು ಒಂದಕ್ಕೆ 4.4 ಮೀಟರು ಮಾತ್ರ. ಸುತ್ತುಗಳು ಹೆಚ್ಚುತ್ತವೆ, ಆದರೆ ಪ್ರತಿ ತುಳಿತ ಹಗುರ. ಎದುರು ಗಾಳಿಯ ರಸ್ತೆಯ ಮಕ್ಕಳಿಗೆ ಇದೇ ಸರಿ. ತಂದೆತಾಯಿಗಳು ಹೊಸ ಸೈಕಲ್ಲು ಕೊಳ್ಳುವಾಗ ಬಣ್ಣವನ್ನು ನೋಡುತ್ತಾರೆ, ಹಲ್ಲು ಎಣಿಸುವುದಿಲ್ಲ. ಸೀಟಿನ ಎತ್ತರವನ್ನೂ ನೋಡುವುದಿಲ್ಲ: ಪೆಡಲು ಅತಿ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಟೈರಿನಲ್ಲಿ ಗಾಳಿ ಗಟ್ಟಿಯಾಗಿರಲಿ. ಬಳ್ಳಾರಿ ಜಾಲಿಯ ಮುಳ್ಳು ರಸ್ತೆಯಂಚಿನಲ್ಲೇ ಹೆಚ್ಚು. ಪಂಚರು ಹಾಕುವುದನ್ನು ಎಂಟನೆಯ ತರಗತಿಗೆ ಬರುವಷ್ಟರಲ್ಲಿ ಹುಡುಗ ಹುಡುಗಿ ಎನ್ನದೆ ಎಲ್ಲರೂ ಕಲಿತಿರಬೇಕು.

ಪಂದ್ಯದ ಸೈಕಲ್ಲು ಬೇರೆಯೇ ಜಾತಿ. ನಮ್ಮ ಕರಿಯ ಸೈಕಲ್ಲು ಇಪ್ಪತ್ತು ಕಿಲೋ ತೂಗಿದರೆ, ಅಂತರರಾಷ್ಟ್ರೀಯ ಪಂದ್ಯಗಳಲ್ಲಿ 6.8 ಕಿಲೋಗಿಂತ ಹಗುರ ಇರಬಾರದೆಂದೇ ನಿಯಮ ಮಾಡಬೇಕಾಗಿದೆ. ಅಂಥದ್ದು ಇಲ್ಲದೆಯೂ ಪಂದ್ಯವಿದೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಹಳ್ಳಿಗಳಲ್ಲಿ ಜಾತ್ರೆ ಬಂದರೆ ಬಂಡಿಯ ಶರ್ಯತ್ತಿನ ಜೊತೆ ಸೈಕಲ್ ಶರ್ಯತ್ತೂ ಇರುತ್ತದೆ. ಹಾಲು ಹಾಕಲು, ಹೊಲಕ್ಕೆ ಹೋಗಲು ಬಳಸುವ ಸಾದಾ ಸೈಕಲ್ಲಿನಲ್ಲೇ ಯುವಕರು ಹತ್ತಾರು ಕಿಲೋಮೀಟರು ಓಡಿಸುತ್ತಾರೆ. ಆ ಸೀಮೆಯಿಂದ ರಾಷ್ಟ್ರಮಟ್ಟದ ಸವಾರರು, ಹುಡುಗಿಯರೂ ಸೇರಿ, ಮತ್ತೆ ಮತ್ತೆ ಮೂಡಿಬಂದಿದ್ದಾರೆ. ವಿಜಯಪುರದ ಕ್ರೀಡಾ ವಸತಿನಿಲಯ, ರಾಮದುರ್ಗ ತಾಲೂಕಿನ ಚಂದರಗಿಯ ಕ್ರೀಡಾಶಾಲೆಗಳಲ್ಲಿ ಸೈಕ್ಲಿಂಗ್ ತರಬೇತಿಯಿದೆ. ನಮ್ಮ ದೇಶ 1948ರಲ್ಲಿ ಲಂಡನ್ನಿನ ಒಲಿಂಪಿಕ್ಸಿಗೆ ಸೈಕಲ್ ಸವಾರರನ್ನು ಕಳಿಸಿತ್ತು. ಆ ಮಟ್ಟಕ್ಕೆ ಹೋದ ಸವಾರರು ಇಂದಿಗೂ ಬೆರಳೆಣಿಕೆಯವರೇ.

ಪಂದ್ಯ ನೋಡುವಾಗ ಮುಂದಿರುವವನನ್ನಷ್ಟೇ ನೋಡಬೇಡಿ. ಮೊದಲು ಮರಗಳನ್ನೂ ಬಾವುಟಗಳನ್ನೂ ನೋಡಿ. ಗಾಳಿ ಎತ್ತ ಬೀಸುತ್ತಿದೆ ಎಂದು ತಿಳಿದರೆ ಸಾಲು ಏಕೆ ಹಾಗೆ ಮುರಿಯಿತೆಂದು ತಿಳಿಯುತ್ತದೆ. ಎದುರು ಗಾಳಿಗೆ ಒಬ್ಬರ ಹಿಂದೊಬ್ಬರು ನೂಲಿನಂತೆ ನೇರವಾಗುತ್ತಾರೆ. ನಮ್ಮ ಬಳ್ಳಾರಿ ರಸ್ತೆಯಲ್ಲಿ ಬಡಿಯುವಂಥ ಮಗ್ಗುಲ ಗಾಳಿಗೆ ಓರೆಯಾಗಿ ಬೀಸಣಿಗೆಯಂತೆ ಹರಡುತ್ತಾರೆ. ಆಗ ರಸ್ತೆಯ ಅಗಲ ಮುಗಿದು ಜಾಗ ಸಿಗದವನು ಹಿಂದೆ ಬೀಳುತ್ತಾನೆ. ರಸ್ತೆಯನ್ನು ಮುಚ್ಚಿ ನಡೆಸುವ ಪಂದ್ಯದಲ್ಲಿ ಇದು ಸರಿ. ನೀವು ಮಾತ್ರ ಯಾವ ಗಾಳಿಗೂ ಎಡಗಡೆ ಒಂದೇ ಸಾಲಿನಲ್ಲಿ ಬನ್ನಿ. ಲಾರಿಯ ಹಿಂದೆ ಗಾಳಿಯ ನೆರಳು ಹುಡುಕುವುದು, ಟ್ರಾಕ್ಟರಿನ ಸರಪಳಿ ಹಿಡಿಯುವುದು ಕಣ್ಣಿಗೆ ಬಿದ್ದರೆ ನಾನು ಮನೆಗೇ ಬಂದು ಹೇಳುವವನೆಂದು ನಿಮಗೆ ಗೊತ್ತು.

ಈಗ ಕಣೇಕಲ್ಲು ರಸ್ತೆಯ ಮಕ್ಕಳು ಆಷಾಢದಲ್ಲಿ ಒಬ್ಬೊಬ್ಬರಾಗಿ ಬರುವುದಿಲ್ಲ. ಊರ ಹೊರಗೆ ಸೇರಿ ಸಾಲು ಕಟ್ಟುತ್ತಾರೆ. ಮುಂದಿರುವವರು ಒಂದು ಮೋರಿಯಿಂದ ಮುಂದಿನ ಮೋರಿಯವರೆಗೆ ಗಾಳಿ ಹೊತ್ತು, ಹಿಂದೆ ವಾಹನವಿಲ್ಲವೆಂದು ನೋಡಿಕೊಂಡು ಪಕ್ಕಕ್ಕೆ ಸರಿದು ಸಾಲಿನ ಕೊನೆಗೆ ಹೋಗುತ್ತಾರೆ. ನಡುವೆ ಒಂದು ಸೈಕಲ್ಲಿನಷ್ಟು ಅಂತರ, ಬ್ರೇಕು ಹಿಡಿಯುವ ಮೊದಲು ಕೂಗು. ಆರನೆಯ ತರಗತಿಯ ಚಿಕ್ಕವರಿಗೆ ಮುಂದೆ ನಿಲ್ಲುವ ಸರದಿ ಇಲ್ಲ. ಈ ನಿಯಮವನ್ನು ಮಾಡಿದ್ದು ನಾನಲ್ಲ. ಹಿಂದೆ ಬಾಗಿಲ ಹೊರಗೆ ನಿಂತಿದ್ದ ಆ ಇಬ್ಬರು ಹತ್ತನೆಯ ತರಗತಿಯಲ್ಲಿದ್ದಾಗ ಮಾಡಿ ಹೋದದ್ದು. ಕಳೆದ ಆಷಾಢದಲ್ಲಿ ಆ ಸಾಲಿನಲ್ಲಿ ಏಳು ಸೈಕಲ್ಲುಗಳಿದ್ದವು. ಸ್ಪ್ಯಾನರು, ಪಂಪು, ಪಂಚರಿನ ಸಾಮಾನುಗಳ ಪೆಟ್ಟಿಗೆ ಅಧ್ಯಾಪಕರ ಕೋಣೆಯ ಬಾಗಿಲ ಹಿಂದಿದೆ, ಬೀಗ ಹಾಕಿಲ್ಲ.